ಕಬ್ಬಿಣದ ಮೇಲೆ ಬರೆದ ಹೆಸರು

ತಿರುಚೆಂಗೋಡು
12-2-1992, ಬುಧವಾರ

ನಮ್ಮ ಪೂಂಗೊಡಿಯ ಅಪ್ಪನವರಿಗೆ ಪಾವಾಯಿಯ ನಮಸ್ಕಾರಗಳು.

ನಾನು, ಮಗಳು, ಹಸು, ವರ್ಕ್‌ಶಾಪಿನ ಹುಡುಗರು ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮಂಡಿನೋವು ಹೇಗಿದೆ? ಆ ರಾಜಸ್ಥಾನದ ನಾಗೌರಿನ ಚಳಿಯಲ್ಲೂ ಎದ್ದಕೂಡಲೇ ತಣ್ಣೀರು ಸುರಿದುಕೊಳ್ಳುವ ಹಟ ಬಿಟ್ಟಿದ್ದೀರೋ ಇಲ್ಲವೋ? ಕಪ್ಪು ಗಾಜು ಹಿಡಿಯದೆ ‘ಒಂದೇ ಒಂದು ಚುಕ್ಕೆ ಹಾಕಿಬಿಡ್ತೀನಿ’ ಎಂದು ವೆಲ್ಡಿಂಗ್ ಮಾಡಿ, ಆಮೇಲೆ ಕಣ್ಣಲ್ಲಿ ಮರಳು ಬಿದ್ದವರ ಹಾಗೆ ಒದ್ದಾಡುವುದು ನಿಮ್ಮ ಅಭ್ಯಾಸ. ಹಾಗಾದರೆ ಆಲೂಗಡ್ಡೆ ಬಿಲ್ಲೆ ಕೊಯ್ದು ಕಣ್ಣಿಗೆ ಇಟ್ಟುಕೊಂಡು ಮಲಗಿ, ನಾಚಿಕೆ ಪಡಬೇಡಿ. ಊಟ ಸೇರುತ್ತಿಲ್ಲ ಎಂದು ಬರೆದಿದ್ದೀರಿ. ಅಲ್ಲಿಯವರೂ ಸಜ್ಜೆಯನ್ನೇ ತಿನ್ನುತ್ತಾರಂತಲ್ಲ, ನಾವು ಅಂಬಲಿ ಮಾಡುತ್ತೇವೆ, ಅವರು ರೊಟ್ಟಿ ತಟ್ಟುತ್ತಾರೆ, ಅಷ್ಟೇ. ಅರವತ್ತು ಹತ್ತಿರ ಬಂತು, ಸ್ವಲ್ಪ ಹೊಂದಿಕೊಳ್ಳಿ. ಹೆರಳೆಕಾಯಿ ಉಪ್ಪಿನಕಾಯಿ ಮುಗಿದಿರಬೇಕು. ನೀವು ತಿಂದಿದ್ದು ಕಾಲು ಭಾಗ, ಬೋರ್‌ವೆಲ್ ಗಾಡಿಯ ಹುಡುಗರಿಗೆ ಹಂಚಿದ್ದು ಮುಕ್ಕಾಲು ಭಾಗ ಎಂದು ನನಗೆ ಗೊತ್ತು. ಹಂಚಿದ್ದಕ್ಕೆ ನನಗೆ ಸಂತೋಷವೇ.

ಈಗ ವಿಷಯಕ್ಕೆ ಬರುತ್ತೇನೆ. ಪೊಂಗಲ್ ಆದ ಮೂರನೇ ದಿನ ನಿಮ್ಮ ಕಾರ್ಡು ಬಂತು. ಮೂವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ನಾಲ್ಕೇ ನಾಲ್ಕು ಸಾಲು. ‘ಮೂರನೇ ಸಲವೂ ಬಿರುಕು ಬಿಟ್ಟಿತು. ನನ್ನ ಕೈ ಹೋಯಿತು. ಇದು ನಿಲ್ಲುವ ತನಕ ಊರಿಗೆ ಮುಖ ತೋರಿಸುವುದಿಲ್ಲ. ನಿಲ್ಲದಿದ್ದರೆ ವರ್ಕ್‌ಶಾಪನ್ನು ಚಿನ್ನರಾಸುವಿಗೆ ಒಪ್ಪಿಸಿಬಿಡು.’ ಅದೂ ಲಕೋಟೆಯಲ್ಲಲ್ಲ, ಕಾರ್ಡಿನಲ್ಲಿ. ಪೋಸ್ಟ್‌ಮ್ಯಾನು ಓದಿಕೊಂಡೇ ಬಂದಿದ್ದ. ‘ಅಮ್ಮಾ, ಮೇಸ್ತ್ರಿಗೆ ಏನಾಯ್ತು, ಕೈಗೆ ಪೆಟ್ಟಾಯ್ತಾ?’ ಅಂತ ಅವನೇ ಮೊದಲು ಕೇಳಿದ. ಸಂಜೆಯೊಳಗೆ ಸಂಕರಿ ರಸ್ತೆಯ ಅಷ್ಟೂ ವರ್ಕ್‌ಶಾಪುಗಳಿಗೆ ಸುದ್ದಿ ಮುಟ್ಟಿತ್ತು. ನನಗೆ ಮೊದಲು ಸಿಟ್ಟು ಬಂತು, ಹಸುವಿನ ಬಕೆಟ್ಟು ಒದ್ದೆ. ಆಮೇಲೆ ಅಡಿಗೆಮನೆಗೆ ಹೋಗಿ ಅತ್ತೆ. ಪೂಂಗೊಡಿ ನೋಡಿದಳು, ನೋಡದವಳ ಹಾಗೆ ಹೋದಳು. ಒಳ್ಳೆಯ ಮಗಳು.

ರಜಕ್ಕೆ ಬಂದ ನಿಮ್ಮ ಡ್ರೈವರು ಗೋಣಿಚೀಲದಲ್ಲಿ ಸುತ್ತಿ ತಂದ ತುಂಡನ್ನೂ ಅವತ್ತೇ ತಂದುಕೊಟ್ಟ. ಲಾರಿಯ ಉದ್ದ ತೊಲೆಯಿಂದ ನೀವು ಕೊಯ್ದು ತೆಗೆದ, ಬಿರುಕು ಬಿಟ್ಟ ಭಾಗ. ಗಾಡಿಯ ಯಜಮಾನರು ಸೆಂಗೋಡ ಗೌಂಡರಿಗೆ ತೋರಿಸಲಿ ಎಂದು ಕಳಿಸಿದ್ದಿರಿ. ಗೌಂಡರು ಮಾರನೇ ದಿನ ಬಂದರು. ‘ಏನಮ್ಮಾ, ಆಚಾರಿ ಸನ್ಯಾಸ ತಗೊಂಡ್ರಂತೆ?’ ಎಂದು ನಗುತ್ತಲೇ ಕೂತರು. ನೀರುಮಜ್ಜಿಗೆ ಕುಡಿದ ಮೇಲೆ ಮುಖ ಗಂಭೀರ ಮಾಡಿಕೊಂಡು ಹೇಳಿದರು: ‘ನೋಡಮ್ಮಾ, ಬೋರ್‌ವೆಲ್ ಗಾಡಿ ನಿಂತು ತಿಂಗಳಾಯ್ತು, ಅದು ಹಾಗಿರಲಿ. ಆ ಕೊರೆಯೋ ಕಂಬ, ಮಾಸ್ಟು, ಅದರ ಕಾಲು ಲಾರಿಗೆ ಕೂಡೋ ಜಾಗಾನೇ ಪದೇ ಪದೇ ಸೀಳ್ತಾ ಇದೆ. ಮಾಸ್ಟ್ ಕೆಳಗೆ ಆರು ಜನ ಹುಡುಗರು ನಿಂತ್ಕೊಂಡು ಕೆಲಸ ಮಾಡ್ತಾರೆ. ಅವರ ತಾಯಂದಿರಿಗೆ ಉತ್ತರ ಹೇಳೋನು ನಾನು. ಮಾಸಿ ತಿಂಗಳು ಮುಗಿಯೋದ್ರೊಳಗೆ, ಅಂದ್ರೆ ಮಾರ್ಚ್ ಅರ್ಧದೊಳಗೆ, ನಿಲ್ಲಲಿಲ್ಲ ಅಂದ್ರೆ ಬೇರೆ ಯಾರಿಗಾದ್ರೂ ಒಪ್ಪಿಸ್ತೀನಿ, ಬೇಜಾರು ಮಾಡ್ಕೋಬೇಡಿ.’ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಸಂಕಟವಾಯಿತು.

ಅವರು ಹೋದ ಮೇಲೆ ನಾನು ಚಿನ್ನರಾಸುವನ್ನು ಕರೆದು ಹೇಳಿದೆ, ಮಾಸ್ಟಿನ ಕಾಲನ್ನು ತೊಲೆಗೆ ಹಿಡಿಸುವ ಆ ಬ್ರಾಕೆಟ್ಟನ್ನು ಬೋಲ್ಟು ಹಾಕಿ ಕೂರಿಸಬೇಕು ಅಂತ. ನಿಮ್ಮ ಶಿಷ್ಯ ನಿಮ್ಮ ದನಿಯಲ್ಲೇ ಉತ್ತರ ಕೊಟ್ಟ: ‘ಅಕ್ಕಾ, ಬೋಲ್ಟು ಇರೋದು ಮಂಚಕ್ಕೆ. ಗಾಡಿಗೆ ವೆಲ್ಡಿಂಗು. ಮೇಸ್ತ್ರಿ ಹೇಳಿರೋದು.’ ಮೇಸ್ತ್ರಿ ಹೇಳಿದ್ದು ಮೂರು ಸಲ ಸೀಳಿದೆ ಕಣೋ ಎಂದೆ. ‘ಬೋಲ್ಟು ಸಡಿಲ ಆಗುತ್ತೆ, ದಾರೀಲಿ ಉದುರುತ್ತೆ, ಕೊನೆಗೆ ಮಾಸ್ಟನ್ನ ಹಗ್ಗ ಕಟ್ಟಿ ತರಬೇಕಾಗುತ್ತೆ’ ಎಂದ. ನನ್ನ ಅಪ್ಪ ಈರೋಡಿನ ಹತ್ತಿರ ಕಾವೇರಿ ರೈಲ್ವೆ ಸೇತುವೆಗೆ ರಿವಿಟ್ ಹೊಡೆದವರು. ನಮ್ಮ ಮದುವೆಯ ಊಟದಲ್ಲೇ ಅವರು ನಿಮಗೆ ಹೇಳಿದ್ದು ನೆನಪಿದೆಯಾ? ‘ಅಳಿಯಂದ್ರೇ, ದಿನಾ ಅಲ್ಲಾಡೋ ತೊಲೆಗೆ ಬೆಂಕಿ ಇಡಬೇಡಿ, ಹಿಡಿದು ಬಿಗೀರಿ’ ಅಂದರು. ಪಾಯಸದ ಎಲೆ ಮುಂದೆ ಕೂತು ‘ಮಾವ, ನಿಮ್ಮ ರಿವಿಟ್ಟಿನ ಕಾಲ ಮುಗೀತು’ ಎಂದಿರಿ ನೀವು. ಅವರು ನಕ್ಕುಬಿಟ್ಟರು. ನಾನು ಹೊಸ ಮದುವಣಗಿತ್ತಿ, ತಲೆ ತಗ್ಗಿಸಿ ಕೂತಿದ್ದೆ. ಈಗ ತಗ್ಗಿಸಬೇಕಾಗಿಲ್ಲವಲ್ಲ.

ಜಗಳ ಜೋರಾದಾಗ ಪೂಂಗೊಡಿ ಪಾಲಿಟೆಕ್ನಿಕ್ಕಿನಿಂದ ಬಂದು ಸೈಕಲ್ಲು ಗೋಡೆಗೆ ಒರಗಿಸಿ, ‘ಬಾಯಲ್ಲಿ ಯಾಕೆ ಹೊಡೆದಾಡ್ತೀರ? ಎರಡನ್ನೂ ಅಲ್ಲಾಡಿಸಿ ನೋಡೋಣ, ಯಾವುದು ಮೊದಲು ಸಾಯುತ್ತೋ’ ಎಂದಳು. ಎಲ್ಲಿ ಅಲ್ಲಾಡಿಸುವುದು? ನಲ್ಲಮ್ಮಕ್ಕನ ಅಕ್ಕಿ ಗಿರಣಿಯಲ್ಲಿ. ಅಲ್ಲಿಯ ದೊಡ್ಡ ಜರಡಿ ಬೆಳಿಗ್ಗೆ ಆರರಿಂದ ದೀಪ ಹಚ್ಚುವ ಹೊತ್ತಿನವರೆಗೆ ಗಡಗಡ ಅಲ್ಲಾಡುತ್ತಲೇ ಇರುತ್ತದಲ್ಲ. ವರ್ಕ್‌ಶಾಪಿನಲ್ಲಿ ಬಿದ್ದಿದ್ದ ಹಳೆಯ ಲಾರಿ ತೊಲೆಯಿಂದ ಎರಡು ಬೆರಳಗಲದ ಪಟ್ಟಿಗಳನ್ನು ಕೊಯ್ದೆವು. ಒಂದಕ್ಕೆ ಚಿನ್ನರಾಸು ವೆಲ್ಡಿಂಗ್ ಮಾಡಿ ಕೂಡಿಸಿದ. ಇನ್ನೊಂದನ್ನು ನಾನು, ಪೂಂಗೊಡಿ ನಾಲ್ಕು ಬೋಲ್ಟು ಹಾಕಿ ಕೂಡಿಸಿದೆವು. ಎರಡರ ತುದಿಗೂ ಒಂದೊಂದು ಐದು ಕಿಲೋ ತೂಕದ ಕಲ್ಲು ಕಟ್ಟಿ ಜರಡಿಯ ಚೌಕಟ್ಟಿಗೆ ಬಿಗಿದೆವು. ನಲ್ಲಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ನನ್ನ ಅಕ್ಕಿಗೆ ಒಂದು ಚೂರು ಕಬ್ಬಿಣ ಬಿದ್ರೂ ನಿಮ್ಮಿಬ್ಬರನ್ನೂ ಜರಡೀಲಿ ಹಾಕಿ ಆಡಿಸ್ತೀನಿ’ ಎಂದರು. ಆದರೂ ಅವತ್ತಿನಿಂದ ಗಿರಣಿಗೆ ಬಂದವರಿಗೆಲ್ಲ ಭತ್ತ ತೂಗುವ ಮೊದಲು ನಮ್ಮ ಪಟ್ಟಿಗಳನ್ನು ಅವರೇ ತೋರಿಸುತ್ತಿದ್ದರು.

ಎರಡನೇ ದಿನವೇ ನನ್ನ ಮಾನ ಹೋಯಿತು. ಬೋಲ್ಟಿನ ಪಟ್ಟಿ ಲಟಲಟ ಎನ್ನತೊಡಗಿತು. ಚಿನ್ನರಾಸು ಕುಣಿಯದಿದ್ದುದೊಂದು ಬಾಕಿ. ‘ಅಕ್ಕಾ, ನಿಮ್ಮ ಬೋಲ್ಟು ತಾಳ ಹಾಕ್ತಾ ಇದೆ, ಹಾಡು ಶುರು ಮಾಡ್ಲಾ?’ ಎಂದು ಇಡೀ ಗಿರಣಿಗೆ ಕೇಳಿಸುವ ಹಾಗೆ ಕೇಳಿದ. ಬಿಚ್ಚಿ ನೋಡಿದರೆ ತಪ್ಪು ನನ್ನದೇ. ತುಕ್ಕು ಹಿಡಿಯದಿರಲಿ ಎಂದು ಎರಡು ತಗಡಿನ ನಡುವೆ ಕೆಂಪು ಬಣ್ಣ ದಪ್ಪಗೆ ಬಳಿದು ಬಿಗಿದಿದ್ದೆ. ಅಲ್ಲಾಡಿ ಅಲ್ಲಾಡಿ ಆ ಬಣ್ಣ ಹಿಟ್ಟಾಗಿತ್ತು, ಬಿಗಿ ಸಡಿಲವಾಗಿತ್ತು. ಅಪ್ಪ ಹೇಳುತ್ತಿದ್ದುದು ಆಗ ನೆನಪಾಯಿತು. ಕಬ್ಬಿಣಕ್ಕೆ ಕಬ್ಬಿಣ ಬರಿಮೈಯಲ್ಲಿ ಮುಟ್ಟಬೇಕು, ಅವೆರಡೂ ಒಂದನ್ನೊಂದು ಜಾರಲು ಬಿಡದಷ್ಟು ಬಿಗಿಯಬೇಕು, ಒಂದು ದಿನ ದುಡಿಸಿದ ಮೇಲೆ ಇನ್ನೊಂದು ಸಲ ಬಿಗಿಯಬೇಕು. ಭಾರ ಹೊರುವುದು ಆ ಹಿಡಿತ, ಬೋಲ್ಟು ಹಿಡಿದುಕೊಂಡು ಕೂತಿರುತ್ತದೆ ಅಷ್ಟೇ. ಬಣ್ಣ ಕೆರೆದು ಹಾಕಿ, ಸ್ಪ್ಯಾನರಿಗೆ ಒಂದು ಮಾರುದ್ದದ ಪೈಪು ಸಿಕ್ಕಿಸಿ, ಸೆರಗು ಸಿಕ್ಕಿಸಿಕೊಂಡು ಅದರ ಮೇಲೆ ನನ್ನ ಅಷ್ಟೂ ಭಾರ ಬಿಟ್ಟೆ. ನನ್ನ ಭಾರ ಎಷ್ಟು ಎಂದು ನೀವು ಈಗ ಅಲ್ಲಿ ನಗುತ್ತಿರುತ್ತೀರಿ, ನಗಿ. ಚಿನ್ನರಾಸು ‘ಇದು ಮೋಸ, ಮತ್ತೆ ಮುಟ್ಟೋ ಹಾಗಿಲ್ಲ’ ಎಂದು ತಕರಾರು ತೆಗೆದ. ನಲ್ಲಮ್ಮಕ್ಕ ತೀರ್ಪು ಕೊಟ್ಟರು: ‘ನೀನು ಮೂರು ಸಲ ರಾಡು ಓಡಿಸಿ ವೆಲ್ಡಿಂಗ್ ಮಾಡಿದ್ದೀಯ. ಅವಳು ಎರಡು ಸಲ ಬಿಗೀಲಿ ಬಿಡು. ಇನ್ನು ಮುಟ್ಟಿದ್ರೆ ಸೋಲು.’

ಆಮೇಲೆ ಯಾರೂ ಮುಟ್ಟಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ನಾನು ಹುರುಳಿಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಗಿರಣಿಯ ಕೂಲಿಯವಳು ಓಡಿಬಂದು, ‘ಅಕ್ಕಾ, ಬಿತ್ತು’ ಎಂದಳು. ಯಾವುದು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಒಲೆ ಆರಿಸಿ ಹೋದೆ. ವೆಲ್ಡಿಂಗ್ ಪಟ್ಟಿ ಕಡಿದು, ಕಲ್ಲು ತವುಡಿನ ರಾಶಿಯಲ್ಲಿ ಹೂತುಕೊಂಡಿತ್ತು. ಗೆದ್ದೆ ಎಂದು ನಗುತ್ತಲೇ ತುಂಡು ಕೈಗೆತ್ತಿಕೊಂಡವಳು ಕಡಿದ ಜಾಗ ನೋಡಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಹೇಗೆ ಬರೆಯಲಿ ಎಂದು ಎರಡು ದಿನ ಯೋಚಿಸಿದ್ದೇನೆ. ನೇರವಾಗಿಯೇ ಬರೆಯುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ಯಾವ ಕೆಲಸ ಮುಗಿದರೂ ಕೊನೆಯ ರಾಡಿನಲ್ಲಿ ಉಳಿದ ತುಂಡಿನಿಂದ ಕಬ್ಬಿಣದ ಮೇಲೆ ನಿಮ್ಮ ಹೆಸರು ಬರೆಯುವುದು ನಮ್ಮ ವರ್ಕ್‌ಶಾಪಿನ ಪದ್ಧತಿ. ತಾಳಿ ಕಬ್ಬಿಣದ್ದಾಗಿದ್ದರೆ ಅದರ ಮೇಲೂ ಬರೆಯುತ್ತಿದ್ದಿರಿ ಎಂದು ನಾನೇ ಎಷ್ಟು ಸಲ ಅಣಕಿಸಿಲ್ಲ. ಚಿನ್ನರಾಸು ಈ ಪಟ್ಟಿಯ ಮೇಲೂ ಭಕ್ತಿಯಿಂದ ಬರೆದಿದ್ದ, ಬೆಸುಗೆಯ ಪಕ್ಕದಲ್ಲೇ, ಪುಟ್ಟ ಅಕ್ಷರಗಳಲ್ಲಿ. ಪಟ್ಟಿ ಕಡಿದದ್ದು ಆ ಹೆಸರಿನ ಮೇಲೆ. ಕೊನೆಯ ಅಕ್ಷರದ ಕೊಂಬಿನಿಂದ ಶುರುವಾಗಿ ನೇರ ಅಡ್ಡಕ್ಕೆ ಹೋಗಿತ್ತು. ಮನೆಗೆ ಬಂದು, ಮಂಚದ ಕೆಳಗಿದ್ದ ನಿಮ್ಮ ಗೋಣಿಚೀಲದ ತುಂಡು ಎಳೆದೆ. ಸ್ಟೌವಿನ ಸೀಮೆಎಣ್ಣೆ ಸವರಿದೆ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ, ಮೇಲೆ ರಂಗೋಲಿ ಪುಡಿ ಉದುರಿಸಿದೆ. ಅಪ್ಪ ರಿವಿಟ್ಟಿನ ಸುತ್ತ ಹೀಗೇ ನೋಡುತ್ತಿದ್ದರು. ಬಿರುಕಿನೊಳಗೆ ಹೊಕ್ಕಿದ್ದ ಎಣ್ಣೆ ಮೆಲ್ಲಗೆ ಪುಡಿಗೆ ಏರಿ ಒಂದು ಕಪ್ಪು ಗೆರೆ ಎದ್ದಿತು. ಅದೂ ನಿಮ್ಮ ಹೆಸರಿನ ಕೊನೆಯ ಅಕ್ಷರದಿಂದಲೇ ಹೊರಟಿತ್ತು. ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳದ ಹೆಸರನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಮುಟ್ಟಿ ನೋಡಿದೆ. ಪೂಂಗೊಡಿ ಪಕ್ಕದಲ್ಲಿ ಕೂತು ನನ್ನ ಭುಜ ಹಿಡಿದುಕೊಂಡಳು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ತೊಲೆಯ ಅಂಚಿನ ಮೇಲೆ ಎಲ್ಲಿ ಬೆಂಕಿ ತಾಗಿ ಒಂದು ಗೀರು, ಒಂದು ಉಬ್ಬು ಆದರೂ ನಡುಕ ಅಲ್ಲೇ ಹೋಗಿ ಸೇರಿ, ದಿನಕ್ಕೆ ಒಂದು ಕೂದಲೆಳೆಯಷ್ಟು ಕೊರೆಯುತ್ತದಂತೆ. ಒಂದೇ ಸಲ ಭಾರ ಹೊರಿಸಿದರೆ ನಿಮ್ಮ ಬೆಸುಗೆ ಆನೆಯನ್ನೂ ಹೊರುತ್ತದೆ. ಲಕ್ಷ ಸಲ ಅಲ್ಲಾಡಿಸಿದರೆ ಕಥೆ ಬೇರೆ. ಬಿರುಕು ಕಂಡಾಗಲೆಲ್ಲ ನೀವು ಇನ್ನೂ ದಪ್ಪ ಬೆಸುಗೆ ಹಾಕಿದಿರಿ, ಮೇಲೆ ಹೆಸರನ್ನು ಇನ್ನೂ ದೊಡ್ಡದಾಗಿ ಬರೆದಿರಿ. ತೊಲೆಯನ್ನೇ ಹೊಸದು ಹಾಕಿ ಅದರ ಮೇಲೂ ಬರೆದಿರಿ. ಹೀಗಾಗಿ ಮೂರು ಸಲ ಸೀಳಿತು. ಇದರಲ್ಲಿ ಕೈ ಹೋದದ್ದು ಎಲ್ಲಿ ಬಂತು? ಅದೇ ಗಾಡಿಯ ಮಾಸ್ಟು ಮೇಲಿನಿಂದ ಕೆಳಗಿನವರೆಗೆ ನೀವೇ ವೆಲ್ಡ್ ಮಾಡಿದ್ದು. ಎಂಟು ವರ್ಷವಾಯಿತು, ಒಂದು ಕಡೆ ಬಿರುಕು ತೋರಿಸಲಿ ಯಾರಾದರೂ. ಕೈ ಹೋದವರು ಹಾಗೆ ಮಾಡುತ್ತಾರಾ? ಕಾರ್ಡಿನಲ್ಲಿ ಆ ಮಾತು ಬರೆಯುವ ಮೊದಲು ತಲೆಯೆತ್ತಿ ಒಮ್ಮೆ ಮಾಸ್ಟು ನೋಡಬಾರದಿತ್ತಾ?

ಚಿನ್ನರಾಸು ಅಷ್ಟಕ್ಕೆ ಸೋಲೊಪ್ಪಲಿಲ್ಲ. ಹೆಸರಿಲ್ಲದೆ ಇನ್ನೊಂದು ಪಟ್ಟಿ ಮಾಡಿದ. ಬೆಸುಗೆಯ ತುದಿಗಳನ್ನು ಗ್ರೈಂಡಿಂಗ್ ಮಷೀನಿನಲ್ಲಿ ಉಜ್ಜಿ, ಮಗುವಿನ ಕೆನ್ನೆಯ ಹಾಗೆ ನುಣುಪು ಮಾಡಿದ. ನಿಮ್ಮ ಹೆಸರಿಲ್ಲದ ಕೆಲಸ ಮಾಡುವಾಗ ಅವನ ಮುಖ ನೋಡಬೇಕಿತ್ತು, ಉಪ್ಪಿಲ್ಲದ ಅನ್ನ ತಿನ್ನುವವನ ಹಾಗಿತ್ತು. ಅದು ಹದಿಮೂರು ದಿನ ಬಾಳಿತು. ಮೊನ್ನೆ ಸೋಮವಾರ ಅದೂ ಹೋಯಿತು, ಈ ಸಲ ಬೆಸುಗೆಯ ತುದಿಯಿಂದ. ಬೋಲ್ಟಿನ ಪಟ್ಟಿ ಇವತ್ತಿಗೆ ಇಪ್ಪತ್ತನಾಲ್ಕು ದಿನ, ಈಗ ನಾನು ಬರೆಯುತ್ತಿರುವಾಗಲೂ ಅಲ್ಲಾಡುತ್ತಿದೆ. ಸೋಮವಾರ ಚಿನ್ನರಾಸು ಊಟಕ್ಕೂ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಬಂದು, ತಾನೇ ಸ್ಪ್ಯಾನರು ತೆಗೆದುಕೊಂಡು, ‘ಅಕ್ಕಾ, ಎಷ್ಟು ಬಿಗೀಬೇಕು, ಹೇಳಿಕೊಡಿ’ ಎಂದ. ಆ ಹುಡುಗನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು. ನೀವು ಅವನಿಗೆ ವೆಲ್ಡಿಂಗ್ ಜೊತೆಗೆ ನಿಯತ್ತನ್ನೂ ಕಲಿಸಿದ್ದೀರಿ.

ಅವತ್ತೇ ಗೌಂಡರು ಗಿರಣಿಗೇ ಬಂದು ಕಡಿದ ಎರಡು ಪಟ್ಟಿಗಳನ್ನೂ ನೀವು ಕಳಿಸಿದ ತುಂಡನ್ನೂ ನೋಡಿದರು. ಅಲ್ಲಾಡುತ್ತಿದ್ದ ಬೋಲ್ಟಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಬೋಲ್ಟಿನ ತಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ‘ಸರಿ, ಹೊಸ ತೊಲೆ ಜೋಧಪುರದಿಂದ ನಾನೇ ತರಿಸಿ ಕೊಡ್ತೀನಿ. ಆದ್ರೆ ಆಚಾರಿ ಕೈಯಿಂದ್ಲೇ ಕೂರಿಸ್ಬೇಕು. ಇನ್ನೊಬ್ಬರು ಕೂರಿಸಿದ ಮಾಸ್ಟಿನ ಕೆಳಗೆ ನನ್ನ ಹುಡುಗರನ್ನ ನಿಲ್ಲಿಸಲ್ಲ’ ಎಂದರು. ಈ ಮಾತನ್ನು ನಾನು ಸಮಾಧಾನಕ್ಕೆ ಸೇರಿಸಿ ಬರೆದೆ ಎಂದುಕೊಳ್ಳಬೇಡಿ, ಪೂಂಗೊಡಿ ಸಾಕ್ಷಿ. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಮನೆಗೆ ಬಂದು ಒಂದು ಸೇರು ಅಕ್ಕಿಗೆ ಬೇಳೆ ಹಾಕಿ ಅನ್ನ ಮಾಡಿ, ತುಪ್ಪ ಸುರಿದು, ವರ್ಕ್‌ಶಾಪಿನವರಿಗೆಲ್ಲ ಬಡಿಸಿದೆ.

ಹೊಸ ಬ್ರಾಕೆಟ್ಟು ತಯಾರಾಗಿದೆ. ಪೂಂಗೊಡಿ ಕಾಗದದ ಮೇಲೆ ಬರೆದಳು, ಚಿನ್ನರಾಸು ಕೊಯ್ದ. ಅದು ತೊಲೆಯ ನೆತ್ತಿಯ ಮೇಲೆ ಕೂರದೆ ಪಕ್ಕೆಗೆ ಅಗಲವಾಗಿ ಅಂಟಿ ನಿಲ್ಲುತ್ತದೆ. ತೂತುಗಳೆಲ್ಲ ಪಕ್ಕೆಯ ನಡುಭಾಗದಲ್ಲಿ, ಮೇಲಿನ ಕೆಳಗಿನ ಅಂಚುಗಳನ್ನು ಮುಟ್ಟುವ ಹಾಗಿಲ್ಲ. ತೂತನ್ನು ಗ್ಯಾಸಿನಲ್ಲಿ ಊದಿ ತೆಗೆಯಬೇಡಿ, ಡ್ರಿಲ್ಲಿನಲ್ಲಿ ಕೊರೆದು ಅಂಚು ಉಜ್ಜಿ. ಬಣ್ಣ ಹಚ್ಚುವುದಾದರೆ ಬಿಗಿದ ಮೇಲೆ ಹೊರಗಡೆ ಹಚ್ಚಿ. ಒಂದು ದಿನ ಗಾಡಿ ಓಡಿಸಿ ಮತ್ತೆ ಬಿಗಿಯಿರಿ. ತೊಲೆಗೆ ಬೆಂಕಿ ತೋರಿಸಲೇಬೇಡಿ, ಹೆಸರಿಗೂ ಬೇಡ. ಹೆಸರನ್ನು ಡ್ರೈವರ್ ಬಾಗಿಲ ಮೇಲೆ ಬಣ್ಣದಲ್ಲಿ ಬರೆಸೋಣ, ಎಷ್ಟು ದೊಡ್ಡದಾಗಿ ಬೇಕೋ ಅಷ್ಟು. ಬ್ರಾಕೆಟ್ಟು ಇವತ್ತು ಬೆಳಿಗ್ಗೆ ಲಾರಿಯಲ್ಲಿ ಹೊರಟಿತು. ತಲೆಯ ಮೇಲೆ 8.8 ಎಂದು ಒತ್ತಿದ ಗಟ್ಟಿ ಬೋಲ್ಟು ಮೂವತ್ತೆರಡು ಈರೋಡಿನಿಂದ ತರಿಸಿದ್ದೇನೆ. ಅವನ್ನು ಲಾರಿಯಲ್ಲಿ ಹಾಕಿದರೆ ದಾರಿಯಲ್ಲಿ ಯಾರಾದರೂ ಬದಲಾಯಿಸಿಯಾರು ಎಂದು ಚಿನ್ನರಾಸುವಿನ ಕೈಯಲ್ಲಿ ರೈಲಿನಲ್ಲಿ ಕಳಿಸುತ್ತೇನೆ.

ಉಪವಾಸ ಗಿಪವಾಸ ಮಾಡಬೇಡಿ. ಹುಡುಗರ ಮೇಲೆ ರೇಗಬೇಡಿ, ಅವರೂ ತಾಯಿ ಬಿಟ್ಟು ಬಂದವರು. ಬೆಟ್ಟದ ಅರ್ಧನಾರೀಶ್ವರ ನಿಮ್ಮ ಮಂಡಿಯನ್ನೂ ಆ ಆರು ಮಕ್ಕಳ ತಲೆಯನ್ನೂ ಕಾಯಲಿ. ಪೂಂಗೊಡಿ ಕಾಲಿಗೆರಗಿದ್ದಾಳೆ, ನಲ್ಲಮ್ಮಕ್ಕ ನಿಮ್ಮನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾರೆ.

ನಿಮ್ಮ ಕ್ಷೇಮ ಬಯಸುವ,
ಪಾವಾಯಿ

ತಾ.ಕ.: ಲಕೋಟೆ ಅಂಟಿಸಲು ಅನ್ನ ತೆಗೆದುಕೊಂಡಿದ್ದೆ, ಅಷ್ಟರಲ್ಲಿ ಚಿನ್ನರಾಸು ಬಂದ. ಅವನು ಬರುವುದಿಲ್ಲವಂತೆ. ‘ಎಲ್ಲಾ ಕೆಲಸ ಮಾಡ್ತೀನಿ, ಆದ್ರೆ ಮೇಸ್ತ್ರಿ ಎದುರಿಗೆ ನಿಂತು ಹೆಸರು ಬರೀಬೇಡಿ ಅನ್ನೋದು ನನ್ನ ಕೈಲಾಗಲ್ಲ ಅಕ್ಕಾ’ ಎಂದು ಅಳುವ ಹಾಗೆ ನಿಂತ. ಅವನಿಗೆ ಆಗದಿದ್ದರೆ ಬೇಡ, ನನಗೆ ಆಗುತ್ತದೆ. ಬೋಲ್ಟು ತೆಗೆದುಕೊಂಡು ನಾನೇ ಬರುತ್ತಿದ್ದೇನೆ. ಸೇಲಂ ದಾಟಿದವಳಲ್ಲ ಎಂದು ಹೆದರಬೇಡಿ, ಎಲ್ಲೆಲ್ಲಿ ರೈಲು ಬದಲಾಯಿಸಬೇಕು ಎಂದು ಪೂಂಗೊಡಿ ಚೀಟಿ ಬರೆದುಕೊಟ್ಟಿದ್ದಾಳೆ. 25ನೇ ತಾರೀಕು ಮಂಗಳವಾರ ಬೆಳಿಗ್ಗೆ ಮೇಡ್ತಾ ರೋಡ್ ಸ್ಟೇಷನ್ನಿಗೆ ಬನ್ನಿ, ಗಡ್ಡ ತೆಗೆದುಕೊಂಡು ಬನ್ನಿ. ಬರುವುದಕ್ಕೆ ಒಂದು ಟಿಕೆಟ್ಟು ನಾನು ತೆಗೆಸುತ್ತೇನೆ. ಊರಿಗೆ ವಾಪಸ್ಸು ಹೋಗುವುದಕ್ಕೆ ಎರಡು ಟಿಕೆಟ್ಟು ನೀವು ತೆಗೆಸಿಡಿ.